ಹದಿನೇಳನೇ ಚೀಲ

ಶಿವರಾಯರು ಮೊದಲ ಸಲ ನಮ್ಮ ಬಾಗಿಲಿಗೆ ಬಂದಾಗ ಯಾವುದೋ ಕಿರಾಣಿ ಅಂಗಡಿಯವರೆಂದುಕೊಂಡೆ. ಕಂಕುಳಲ್ಲಿ ಬಿಳಿ ಬಟ್ಟೆಯ ಸುರುಳಿ, ಕೈಯಲ್ಲಿ ಅಳತೆಯ ಚೀಟಿ. ಇಪ್ಪತ್ತನಾಲ್ಕು ಚೀಲ ಹೊಲಿಯಬೇಕಂತೆ, ಒಂದೊಂದರ ಮೇಲೂ ಕೆಂಪು ದಾರದಲ್ಲಿ ನಂಬರು ಹಾಕಬೇಕಂತೆ.

“ಬ್ಯಾಳಿ ತುಂಬಲಿಕ್ಕೇನ್ರಿ?” ಎಂದೆ.

“ಇಲ್ರಿ. ಅಳಿಲು, ಮೊಲ, ಮುಂಗುಸಿ ಹಾಕಲಿಕ್ಕೆ.”

ನನ್ನ ಮುಖ ನೋಡಿ ಅವರು ನಗು ಬಾರದಂತೆ ತುಟಿ ಕಚ್ಚಿಕೊಂಡರು. ನನಗೆ ಸಿಟ್ಟು ಬಂತು, ಆದರೂ ಮತ್ತೊಮ್ಮೆ ನೋಡಿದೆ. ಆ ಮರಾಠಿ ಊರಿನಲ್ಲಿ ಅವರು ನಮ್ಮ ಕಡೆಯ ಗುಲ್ಬರ್ಗಾದವರೆಂದು ತಿಳಿದದ್ದೇ ತಡ, ಬೀದರಿನ ನಮ್ಮವ್ವ ರುಕ್ಮಿಣಿಬಾಯಿ ಚಹಾ ತಂದುಕೊಟ್ಟಳು. ಚೀಲಗಳು ಮಾತ್ರ ಅಂಗಳ ದಾಟಿ ಒಳಗೆ ಬರಕೂಡದೆಂದಳು.

ಅದು ಅರವತ್ತೆಂಟನೇ ಇಸವಿ. ಅವರು ಔರಂಗಾಬಾದಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಸಹಾಯಕರು. ಕಾಡುಪ್ರಾಣಿಗಳ ತೊಗಲಿನ ಮೇಲೆ ಬದುಕುವ ನುಸಿಗಳನ್ನು ಹುಡುಕುವುದು ಅವರ ಕೆಲಸ. ಪ್ರಾಣಿಯನ್ನು ಹಿಡಿದು ಚೀಲಕ್ಕೆ ಹಾಕಿ, ಔಷಧಿಯಿಂದ ಮಂಪರು ಬರಿಸಿ, ಬಿಳಿ ತಟ್ಟೆಯ ಮೇಲೆ ಅದರ ಕೂದಲು ಬಾಚುತ್ತಾರೆ. ಉದುರಿದ ಧೂಳಿನಲ್ಲಿ ಯಾವ ಕಣ ನಡೆಯುತ್ತದೋ ಅದು ನುಸಿ. ಒದ್ದೆ ಕುಂಚದ ತುದಿಯಿಂದ ಎತ್ತಿ ಸ್ಪಿರಿಟ್ ಶೀಶೆಗೆ ಹಾಕುತ್ತಾರೆ. ಕೊನೆಗೆ ಚೀಲವನ್ನೂ ಕೊಡವಿ ನೋಡುತ್ತಾರೆ. ಒಂದು ಪ್ರಾಣಿಯ ನುಸಿ ಇನ್ನೊಂದರ ಲೆಕ್ಕಕ್ಕೆ ಸೇರಬಾರದು. ಆದ್ದರಿಂದ ಒಂದು ಪ್ರಾಣಿಗೆ ಒಂದೇ ಚೀಲ, ಮತ್ತೆ ಬಳಸುವ ಮುಂಚೆ ಅದನ್ನು ಕುದಿಸಲೇಬೇಕು. ಆ ಕೆಲಸವೂ ನನಗೇ ಬಂತು.

ಪ್ರತಿ ಸೋಮವಾರ ಚೀಲ ಒಯ್ಯಲು ಬರುತ್ತಿದ್ದರು. ಎಣಿಸಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ಎಮ್ಮೆಸ್ಸಿ ಓದಿದವರಿಗೆ ಇಪ್ಪತ್ತನಾಲ್ಕು ಎಣಿಸಲು ಇಷ್ಟು ಹೊತ್ತೇಕೆಂದು ನಾನೂ ಕೇಳಲಿಲ್ಲ. ಹನ್ನೊಂದಕ್ಕೆ ಬಂದಾಗ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು.

ಶ್ರಾವಣದ ಒಂದು ಶುಕ್ರವಾರ ಪೇಢೆ ತಂದರು. ಸಿಲ್ಲೋಡಿನ ಹತ್ತಿ ಹೊಲದಲ್ಲಿ ಹಿಡಿದ ಮೊಲವೊಂದರಲ್ಲಿ, ಮೊಲಗಳ ಮೇಲೆ ಇದುವರೆಗೆ ಯಾರೂ ಕಾಣದ ನುಸಿ ಸಿಕ್ಕಿತ್ತು. ಸೋಮವಾರ ವರದಿ ಕಳಿಸಿದರೆ ಪುಣೆಯಲ್ಲಿ ಕಾಯಂ ನೌಕರಿ ಖಚಿತವಂತೆ.

“ನಿಮ್ಮ ಹದಿನೇಳನೇ ಚೀಲದಾಗ ಸಿಕ್ತು ನೋಡ್ರಿ ಸರೋಜಿನಿ,” ಎಂದರು.

ಅರ್ಧ ತಿಂದ ಪೇಢೆಯನ್ನು ಕೆಳಗಿಟ್ಟೆ. ಹದಿನೇಳನ್ನು ನಾನು ಕುದಿಸಿರಲಿಲ್ಲ. ಆ ಸೋಮವಾರ ಕೊನೆಯ ಚೀಲದ ಹೊತ್ತಿಗೆ ಸ್ಟವ್ವಿನಲ್ಲಿ ಸೀಮೆಎಣ್ಣೆ ಮುಗಿದಿತ್ತು, ಅವರು ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದರು. ಒಂದು ಚೀಲ ಕಡಿಮೆ ಎನ್ನಲು ನಾಚಿಕೆಯಾಗಿ, ತಣ್ಣೀರಿನಲ್ಲಿ ಜಾಲಿಸಿ ಒಣಗಿಸಿದ್ದನ್ನೇ ಕೊಟ್ಟಿದ್ದೆ. ಹಿಂದಿನ ವಾರ ಅದರಲ್ಲಿ ನಾಶಿಕದ ಅಳಿಲು ಇತ್ತು.

ಎರಡು ದಿನ ಹೊಲಿಗೆ ಮಷಿನ್ನು ಮುಟ್ಟಲಿಲ್ಲ. ಹೇಳಿದರೆ ಅವರ ನೌಕರಿ ತಪ್ಪುತ್ತದೆ, ಸುಮ್ಮನಿದ್ದರೆ ಅವರು ಊರು ಬಿಟ್ಟು ಹೋಗುತ್ತಾರೆ. ಅವರು ಹೋಗುವುದು ನನಗೆ ಬೇಡವಾಗಿತ್ತು. ಹಾಗಿರುವಾಗ ನಿಜ ಹೇಳುವ ನನ್ನ ಉದ್ದೇಶವನ್ನು ನಾನೇ ಹೇಗೆ ನಂಬಲಿ?

ರವಿವಾರವೂ ಅವರು ವರದಿ ಬರೆಯುತ್ತ ಕಾಲೇಜಿನಲ್ಲಿದ್ದರು. ಅಲ್ಲಿಗೇ ಹೋಗಿ ಹೇಳಿಬಿಟ್ಟೆ.

ಅವರು ಎದ್ದು ಕಪಾಟು ತೆರೆದರು. ಚೀಲ ತಂದು ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಸಂದಿಯ ಧೂಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬಹಳ ಹೊತ್ತು ನೋಡಿ, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಬಗ್ಗಿದೆ. ಅವರ ಉಸಿರು ನನ್ನ ಕಿವಿಯ ಹತ್ತಿರವಿತ್ತು. ಎಂಟು ಕಾಲಿನ ಒಂದು ಸತ್ತ ಹುಳು ಸಣ್ಣ ಕೂದಲೊಂದನ್ನು ಅಪ್ಪಿಕೊಂಡಿತ್ತು.

“ಅದೇ ನುಸಿ. ಕೂದಲು ಅಳಿಲಿಂದು,” ಎಂದರು. ದನಿ ಗಡುಸಾಗಿತ್ತು. “ಅವತ್ತೇ ಹೇಳಬೇಕಿತ್ರಿ ನೀವು.”

“ಹೌದ್ರಿ, ತಪ್ಪಾತು.”

“ಈಗ್ಯಾಕ ಹೇಳಿದ್ರಿ? ನಾ ಪುಣೆಗೆ ಹೋಗಬಾರದಂತೇನು?”

ಮುಖ ಬಿಸಿಯಾಯಿತು. “ಚೀಲ ಕುದಿಸಿಲ್ಲ ಅನ್ನೋದು ಖರೇ ಅದರಿ. ನೀವು ಹೋಗಬಾರದು ಅನ್ನೋದೂ ಖರೇನ ಅದ. ಯಾವುದರ ಸಲುವಾಗಿ ಬಂದೆ ಅಂತ ಮಾತ್ರ ಕೇಳಬ್ಯಾಡ್ರಿ.”

ಅವರು ಕುರ್ಚಿಯಲ್ಲಿ ಕುಳಿತು ವರದಿಯಲ್ಲಿ ಮೊಲದ ನುಸಿಯ ಸಾಲನ್ನು ಹೊಡೆದುಹಾಕಿದರು. ಪುಣೆಗೆ ಕಾಗದವನ್ನೂ ಬರೆದರು. ಚೀಲ ಪರೀಕ್ಷಿಸದೆ ಬಳಸಿದ್ದು ತಮ್ಮದೇ ತಪ್ಪೆಂದು ಬರೆದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ನನ್ನ ಹೆಸರು ಬರೀರಿ,” ಎಂದೆ.

“ನಿಮ್ಮ ಹೆಸರು ಪುಣೆಯವರಿಗ್ಯಾಕ್ರಿ?” ಮೊದಲ ಸಲ ನೆಟ್ಟಗೆ ನೋಡಿದರು, ಎಣಿಕೆಯ ನೆವವಿಲ್ಲದೆ. “ಗುಲ್ಬರ್ಗಾದಾಗ ನಮ್ಮವ್ವ ಇದ್ದಾಳ. ಆಕೀಗಿ ಬರೀಬೇಕಂತ ಅದ. ಬರೀಲೇನು?”

ಮೇಜಿನ ಮೇಲಿದ್ದ ಖಾಲಿ ಹಾಳೆಯೊಂದನ್ನು ಅವರ ಮುಂದೆ ಸರಿಸಿದೆ.

ಪುಣೆಯ ನೌಕರಿ ಬೇರೆಯವರಿಗೆ ಹೋಯಿತು. ನನಗೆ ಬೇಸರವಾಯಿತೆಂದರೆ ಸುಳ್ಳಾದೀತು.