ಚಿಕ್ಕ ಪುಲ್ಲಿ

ಗ್ಯಾರೇಜಿನ ಬೋರ್ಡಿನಲ್ಲಿ ಮಾವನ ಹೆಸರಿನ ಪಕ್ಕ ‘ಮತ್ತು ಮಗ’ ಎಂದು ಪೇಂಟರ್ ಬರೆಯುತ್ತಿದ್ದಾಗ ಕೆಳಗೆ ಏಣಿ ಹಿಡಿದು ನಿಂತವನು ಅಳಿಯ. ಹಿಡಿಯಲು ಹೇಳಿದವರು ಮಾವನೇ. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಏಣಿ ಅಲುಗಾಡುತ್ತಿತ್ತು, ಹತ್ತಿರದಲ್ಲಿ ಅಳಿಯ ಸಿಕ್ಕಿದ, ಅಷ್ಟೆ. ಹಳದಿ ಬಣ್ಣದ ಹನಿಯೊಂದು ಅವನ ಮುಂಗೈ ಮೇಲೆ ಬಿತ್ತು. ಒರೆಸಿಕೊಳ್ಳಲು ಏಣಿಯಿಂದ ಕೈ ತೆಗೆಯುವಂತಿರಲಿಲ್ಲ.

ಅವನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೀಸೆ ಚಿಗುರುವ ವಯಸ್ಸಿಗೆ ಕಡಲತೀರದ ಆ ಗ್ಯಾರೇಜಿಗೆ ಬಂದು ಸೀಮೆಎಣ್ಣೆಯಲ್ಲಿ ಬೋಲ್ಟು ತೊಳೆಯುವುದರಿಂದ ಶುರು ಮಾಡಿದವನು. ಈಗ ಗಾಡಿ ಗೇಟಿನೊಳಗೆ ಬರುವಾಗಲೇ ಅದರ ಕಾಯಿಲೆ ಅವನ ಕಿವಿಗೆ ಬೀಳುತ್ತಿತ್ತು. ಮಾವ ಮಗಳನ್ನು ಕೊಟ್ಟಿದ್ದೂ ಅವನ ಕೈಗುಣ ನೋಡಿಯೇ. ‘ಕೊನೆಗೆ ಇದೆಲ್ಲಾ ನೀನೇ ನೋಡ್ಕೋಬೇಕಲ್ಲಪ್ಪ’ ಎಂದು ಒಮ್ಮೆ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು. ಆ ಒಂದು ಮಾತನ್ನು ನಂಬಿ ಅವನು ಬೇರೆ ಕಡೆಯಿಂದ ಬಂದ ಕರೆಗಳಿಗೆಲ್ಲ ಇಲ್ಲ ಎಂದಿದ್ದ. ಅಷ್ಟರಲ್ಲಿ ಮಾವನ ಮಗ, ಮನೆಯವರೆಲ್ಲ ಇನ್ನೂ ಮರಿ ಎಂದೇ ಕರೆಯುವ ಅವನ ಭಾವಮೈದ, ಫೋಟೋ ಸ್ಟುಡಿಯೋ, ಸಂಗೀತದ ತಂಡ, ಹಡಗಿನ ಅಡುಗೆಮನೆ ಎಂದು ಊರೂರು ಸುತ್ತಿ, ಎಲ್ಲೂ ನೆಲೆ ನಿಲ್ಲದೆ, ನಗುನಗುತ್ತಾ ಮನೆಗೆ ಮರಳಿದ. ಬೋರ್ಡು ಬದಲಾಯಿತು.

ಮರಿ ಕೆಟ್ಟವನಾಗಿದ್ದರೆ ಮೇಸ್ತ್ರಿಗೆ ನಿದ್ದೆಯಾದರೂ ಬರುತ್ತಿತ್ತೇನೋ. ಆದರೆ ಅವನು ಎಳ್ಳಷ್ಟೂ ಕೆಟ್ಟವನಲ್ಲ. ಬೆಳಿಗ್ಗೆ ಬಂದವನು ಮೊದಲು ಮೇಸ್ತ್ರಿಗೆ ಚಹಾ ತಂದುಕೊಟ್ಟು ಆಮೇಲೆ ತಾನು ಕುಡಿಯುತ್ತಿದ್ದ. ಗಿರಾಕಿಗಳ ಮುಂದೆ ‘ನಮ್ಮ ಭಾವನ್ನ ಕೇಳಿ, ನಂಗೇನೂ ಗೊತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳುತ್ತಿದ್ದ. ಆ ಸಜ್ಜನಿಕೆ ಮೇಸ್ತ್ರಿಯ ಹೊಟ್ಟೆಯ ಕಿಚ್ಚಿಗೆ ಗಾಳಿ ಹಾಕುತ್ತಿತ್ತು. ಬೈಯಲು ಒಂದು ನೆಪವನ್ನೂ ಕೊಡದ ಮನುಷ್ಯನನ್ನು ಎಷ್ಟು ದಿನ ಸಹಿಸಲು ಆಗುತ್ತದೆ?

ಹೀಗಿರುವಾಗ ಮರಿ ಒಂದು ಪುಟ್ಟ ಕೆಂಪು ಕಾರು ಕೊಂಡುತಂದ. ನೋಡಲು ಆಟಿಕೆಯಂತಿದ್ದರೂ ಅದರ ಎಂಜಿನ್ನಿಗೆ ಸೂಪರ್‌ಚಾರ್ಜರ್ ಇತ್ತು. ಎಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅದರ ಬಾಯಿಗೆ ತುರುಕುವ ಯಂತ್ರ ಅದು. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿಯುತ್ತದೆ, ಗಾಡಿ ನೆಗೆಯುತ್ತದೆ.

“ಭಾವ, ಬೆಟ್ಟ ಹತ್ತೋ ರೇಸಿಗೆ ಹೆಸರು ಕೊಟ್ಟಿದ್ದೀನಿ,” ಎಂದ ಮರಿ, ಬಾನೆಟ್ಟಿನ ಮೇಲೆ ಅಂಗೈ ಊರಿ. “ಇದಕ್ಕೆ ಮೊದಲು ಯಾವ ಕಿಟ್ ಹಾಕಿಸಲಿ? ನಂಗೆ ಏನೂ ತಿಳಿಯಲ್ಲ. ನೀವು ಯಾವುದು ಅಂತೀರೋ ಅದೇ.”

ಮೇಸ್ತ್ರಿ ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದ. ಹೊರಗೆ ಬರಲಿಲ್ಲ. “ನೋಡಿ ಹೇಳ್ತೀನಿ,” ಎಂದ.

ನೋಡುವಂಥದ್ದೇನೂ ಇರಲಿಲ್ಲ. ಸರಿಯಾದ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಇಂಥ ಗಾಡಿಗೆ ಮೊದಲು ಹಾಕಿಸಬೇಕಾದದ್ದು ಕೂಲರ್ ಕಿಟ್. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಬಿಸಿ ಗಾಳಿ ಎಂಜಿನ್ನಿಗೆ ವಿಷ. ಮೊದಲು ಅದನ್ನು ತಣ್ಣಗೆ ಮಾಡುವ ವ್ಯವಸ್ಥೆ, ಶಕ್ತಿ ಹೆಚ್ಚಿಸುವ ಮಾತೆಲ್ಲ ಆಮೇಲೆ. ಇನ್ನೊಂದು ಕಿಟ್ಟೂ ಅಂಗಡಿಯಲ್ಲಿ ಸಿಗುತ್ತಿತ್ತು. ಬೆಲ್ಟಿನಿಂದ ಸೂಪರ್‌ಚಾರ್ಜರನ್ನು ತಿರುಗಿಸುವ ಚಕ್ರ, ಅಂದರೆ ಪುಲ್ಲಿ, ಅದನ್ನು ಬಿಚ್ಚಿ ಅದಕ್ಕಿಂತ ಚಿಕ್ಕದನ್ನು ಹಾಕುವುದು. ಚಕ್ರ ಚಿಕ್ಕದಾದಷ್ಟೂ ಯಂತ್ರ ಜೋರಾಗಿ ತಿರುಗಿ ಇನ್ನಷ್ಟು ಗಾಳಿ ತುರುಕುತ್ತದೆ. ಹುಡುಗರಿಗೆಲ್ಲ ಬೇಕಾದದ್ದು ಅದೇ. ಕೂಲರ್ ಇಲ್ಲದೆ ಅದನ್ನು ಹಾಕಬಾರದೆಂದು ಮೇಸ್ತ್ರಿ ಎಷ್ಟೋ ಜನರಿಗೆ ಬುದ್ಧಿ ಹೇಳಿ ಕಳಿಸಿದ್ದ.

ಮಾತು ಕೇಳದವನೊಬ್ಬನಿದ್ದ, ಹಲ್ಲಿನ ಡಾಕ್ಟರ್. ಬೇರೆ ಕಡೆ ಹೋಗಿ ಬರೀ ಪುಲ್ಲಿ ಹಾಕಿಸಿಕೊಂಡು, ಸಮುದ್ರದ ಪಕ್ಕದ ನೇರ ರಸ್ತೆಯಲ್ಲಿ ಸುಡುಬಿಸಿಲಿಗೆ ಪೆಡಲ್ ಒತ್ತಿಹಿಡಿದು ಓಡಿಸಿದ. ಮೊದಲು ಎಂಜಿನ್ನಿನೊಳಗೆ ಕಲ್ಲು ಅಲುಗಿದಂಥ ಸದ್ದು ಬಂತಂತೆ, ಆಮೇಲೆ ಪಿಸ್ಟನ್ ಕರಗಿತು. ಎಂಜಿನ್ನಿನ ಹೊಟ್ಟೆ ಒಡೆದು ಕಬ್ಬಿಣದ ತುಂಡು ಹೊರಗೆ ಬಂತು. ಸುರಿದ ಎಣ್ಣೆಯ ಮೇಲೆ ಗಾಡಿಯ ಮುಂದಿನ ಚಕ್ರಗಳೇ ಜಾರಿ, ಕಾರು ದಿಕ್ಕಿಲ್ಲದೆ ಹೋಗಿ ಮರಳಿನಲ್ಲಿ ಹೂತುಕೊಂಡಿತು. ಮರಳು ಇದ್ದುದರಿಂದ ಡಾಕ್ಟರ್ ಬದುಕಿದ. ಬೆಟ್ಟದ ರಸ್ತೆಯಲ್ಲಿ ಮರಳು ಇಲ್ಲ.

ಮೊದಮೊದಲು ಮೇಸ್ತ್ರಿಯ ಯೋಚನೆ ಎಂಜಿನ್ ಒಡೆಯುವಲ್ಲಿಗೆ ನಿಲ್ಲುತ್ತಿತ್ತು. ಮರಿ ಎಲ್ಲರೆದುರು ನಗೆಪಾಟಲಾಗಬೇಕು, ಮಾವನಿಗೆ ಕಣ್ಣು ತೆರೆಯಬೇಕು, ಅಷ್ಟೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೆ ಬೆಟ್ಟದ ತುದಿಗೆ ಸ್ವಲ್ಪ ಮುಂಚೆ ಒಂದು ತಿರುವಿತ್ತು. ಅಲ್ಲಿ ಮೊಣಕಾಲೆತ್ತರದ ಬಿಳಿ ಗೋಡೆ, ಅದರಾಚೆ ಪ್ರಪಾತ. ಒಂದು ಮಧ್ಯಾಹ್ನ ನಲ್ಲಿಯ ಕೆಳಗೆ ಕೈಯ ಗ್ರೀಸು ತೊಳೆಯುತ್ತಿದ್ದಾಗ ಯೋಚನೆ ತಾನಾಗಿ ಆ ಗೋಡೆ ದಾಟಿ ಆಚೆ ಹೋಯಿತು. ಅವನು ಅದನ್ನು ಹಿಂದಕ್ಕೆ ಕರೆಯಲಿಲ್ಲ. ನೀರು ಹರಿಯುತ್ತಲೇ ಇತ್ತು.

ಈ ಉಪಾಯದ ಚಂದವೆಂದರೆ ಇದರಲ್ಲಿ ಎಲ್ಲೂ ಉಪಾಯವೇ ಇರಲಿಲ್ಲ. ಬ್ರೇಕಿನ ಪೈಪು ಕೊಯ್ಯುವುದಿಲ್ಲ, ಬೋಲ್ಟು ಸಡಿಲಿಸುವುದಿಲ್ಲ. ನಾಳೆ ಪೊಲೀಸರು ಬರಲಿ, ವಿಮೆಯವರು ಬರಲಿ, ಗಾಡಿಯ ನರನಾಡಿ ಬಿಚ್ಚಿ ಹರಡಿ ನೋಡಲಿ. ಪ್ರತಿಯೊಂದೂ ಇರಬೇಕಾದ ಜಾಗದಲ್ಲಿ, ಇರಬೇಕಾದಷ್ಟು ಬಿಗಿಯಾಗಿ ಇರುತ್ತದೆ. ಎರಡು ಕಿಟ್ಟುಗಳ ಡಬ್ಬಿಗಳಲ್ಲಿ ಒಂದನ್ನು ಮೊದಲು ತೆರೆದದ್ದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಹುಡುಗನಿಗೆ ವೇಗದ ಹುಚ್ಚು ಎಂದು ಊರೇ ಹೇಳುತ್ತದೆ. ತಾನು ತಲೆತಗ್ಗಿಸಿ ನಿಂತರಾಯಿತು.

ಪುಲ್ಲಿಯ ಡಬ್ಬಿ ಬಂದ ದಿನ ಮಾವ ಕನ್ನಡಕ ಮೇಲೆತ್ತಿ ಅದನ್ನೇ ನೋಡಿದರು. ಅವರು ಈಗ ಕೆಲಸ ಬಿಟ್ಟು ಬಾಗಿಲ ಬಳಿ ಕುರ್ಚಿ ಹಾಕಿ ಕೂರುತ್ತಿದ್ದರಷ್ಟೆ.

“ಮೊದಲು ಕೂಲರ್ ಬೇಡ್ವೇನಪ್ಪ?”

ಮೇಸ್ತ್ರಿ ಡಬ್ಬಿಯ ಟೇಪು ಕೀಳುತ್ತಲೇ ಇದ್ದ. “ಅವನಿಗೆ ಮೊದಲು ಗಾಡಿಯ ರುಚಿ ಹತ್ತಲಿ ಮಾವ. ಕೂಲರ್ ಆಮೇಲೆ ಹಾಕಿದ್ರಾಯ್ತು.”

ಮಾವ ನಕ್ಕು ಕನ್ನಡಕ ಇಳಿಸಿಕೊಂಡರು. ಅಳಿಯ ಹೇಳಿದ ಮೇಲೆ ಮುಗಿಯಿತು.

ಮೇಸ್ತ್ರಿ ತನ್ನ ಜನ್ಮದಲ್ಲಿ ಅಷ್ಟು ನಾಜೂಕಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಪುಲ್ಲಿಯನ್ನು ಕೂದಲೆಳೆಯಷ್ಟೂ ವಾಲದಂತೆ ಕೂರಿಸಿದ, ಹೊಸ ಬೆಲ್ಟು ಹಾಕಿದ, ಬಿಗಿತವನ್ನು ಮತ್ತೆ ಮತ್ತೆ ಅಳೆದ. ಮರಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾವುದೋ ರಾಗ ಗುನುಗುತ್ತಾ ಕೇಳಿದ ಸ್ಪ್ಯಾನರ್ ಎತ್ತಿಕೊಟ್ಟ. ರೇಸಿನ ದಿನದವರೆಗೆ ಮೆಲ್ಲಗೆ ಓಡಿಸು, ಬೆಲ್ಟು ಕೂತುಕೊಳ್ಳಬೇಕು, ಬೆಟ್ಟದಲ್ಲಿ ಮಾತ್ರ ಪೂರ್ತಿ ಒತ್ತು ಎಂದು ಮೇಸ್ತ್ರಿ ಹೇಳಿಕೊಟ್ಟ. ಮರಿ ಒಳ್ಳೆಯ ವಿದ್ಯಾರ್ಥಿಯಂತೆ ತಲೆಯಾಡಿಸಿದ.

ಆಮೇಲಿನ ದಿನಗಳಲ್ಲಿ ಮೇಸ್ತ್ರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮುಚ್ಚಿದ ಶಟರನ್ನು ತಿರುಗಿ ಬಂದು ಎಳೆದು ನೋಡುತ್ತಿದ್ದ. ರಸ್ತೆಯಲ್ಲಿ ಕೆಂಪು ಬಣ್ಣದ್ದು ಏನು ಹಾದುಹೋದರೂ ಕುತ್ತಿಗೆ ತಿರುಗುತ್ತಿತ್ತು. ಮನೆಯಲ್ಲಿ ತಟ್ಟೆಯ ಮುಂದೆ ಕೂತು ತುತ್ತನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತಿದ್ದುದನ್ನು ಹೆಂಡತಿ ನೋಡಿದಳು. ತಮ್ಮನ ಚಿಂತೆ ಗಂಡನನ್ನು ಕಾಡುತ್ತಿದೆ ಎಂದು ಅವಳು ತಿಳಿದಳು. ಅವಳ ಕಣ್ಣು ಒದ್ದೆಯಾಯಿತು.

“ಅವನಿಗೆ ಏನೂ ಆಗಲ್ಲ ಬಿಡಿ,” ಎಂದಳು. “ನೀವು ಮುಟ್ಟಿದ ಗಾಡಿ ಅದು.”

ಅವನು ತಟ್ಟೆ ಎತ್ತಿಕೊಂಡು ಎದ್ದುಹೋದ.

ರೇಸಿನ ದಿನ ಬೆಟ್ಟದ ಮೇಲೆ ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಮಾವ, ಹೆಂಡತಿ ಮತ್ತು ಅವನು ಗ್ಯಾರೇಜಿನ ವ್ಯಾನಿನಲ್ಲಿ ಬಂದಿದ್ದರು. ಎಲ್ಲರ ಕಣ್ಣಿಗೆ ಬೀಳಲೆಂದೇ ಮೇಸ್ತ್ರಿ ತುದಿಯಲ್ಲಿ, ಬಾವುಟ ಹಿಡಿದವನ ಪಕ್ಕದಲ್ಲೇ ನಿಂತ. ಅಲ್ಲಿಂದ ಕೆಳಗೆ ಬಿಳಿ ಗೋಡೆಯ ತಿರುವು ಕಾಣುತ್ತಿತ್ತು. ಒಂದೊಂದೇ ಗಾಡಿ ಬಂತು, ಹೋಯಿತು. ಅವನು ಜೇಬಿನಲ್ಲಿದ್ದ ನಟ್ಟೊಂದನ್ನು ಬೆರಳುಗಳ ನಡುವೆ ತಿರುವುತ್ತಲೇ ಇದ್ದ.

ಕೊನೆಗೆ ಕೆಳಗಿನಿಂದ ಸೂಪರ್‌ಚಾರ್ಜರಿನ ಸಿಳ್ಳೆ ಕೇಳಿಸಿತು. ಮರಿ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ, ಪೆಡಲಿನಿಂದ ಕಾಲು ಎತ್ತುತ್ತಿರಲಿಲ್ಲ. ಸಿಳ್ಳೆ ಏರಿತು, ತೆಳ್ಳಗಾಯಿತು, ಹತ್ತಿರವಾಯಿತು. ಬಿಳಿ ಗೋಡೆಯ ಹಿನ್ನೆಲೆಯಲ್ಲಿ ಕೆಂಪು ಚುಕ್ಕೆ ಮೂಡಿತು. ಹೆಂಡತಿ ಅವನ ತೋಳು ಹಿಡಿದುಕೊಂಡಳು. ಕೆಂಪು ಚುಕ್ಕೆ ಗೋಡೆಯುದ್ದಕ್ಕೂ ಸರಾಗವಾಗಿ ಜಾರಿ, ತಿರುವು ಮುಗಿಸಿ, ಅವರ ಮುಂದೆಯೇ ಗುಂಡಿನಂತೆ ಹಾದುಹೋಯಿತು.

ಮರಿ ಮೊದಲನೆಯವನಾಗಿ ಗೆದ್ದ.

ಗೆದ್ದವನನ್ನು ಜನ ಎತ್ತಿಕೊಂಡು ಕುಣಿಯುತ್ತಿದ್ದಾಗ ಮೇಸ್ತ್ರಿ ಬಾನೆಟ್ ತೆಗೆದು ಗಾಳಿಯ ಪೈಪಿನ ಮೇಲೆ ಕೈಯಿಟ್ಟ. ಸುಡಬೇಕಾಗಿದ್ದ ಪೈಪು ಉಗುರುಬೆಚ್ಚಗಿತ್ತು. ಎಂಜಿನ್ನಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ. ಬಿಸ್ಕತ್ತಿನ ಬಣ್ಣ, ಆರೋಗ್ಯವಂತ ಎಂಜಿನ್ನಿನ ಗುರುತು. ಅವನಿಗೆ ಏನೊಂದೂ ಅರ್ಥವಾಗಲಿಲ್ಲ. ಡಾಕ್ಟರನ ಎಂಜಿನ್ ಮೊದಲೇ ಸವೆದಿತ್ತೋ ಏನೋ. ತಾನು ಇಷ್ಟು ವರ್ಷ ಸುಮ್ಮನೆ ಜನರನ್ನು ಹೆದರಿಸುತ್ತಾ ಬಂದೆನೋ ಏನೋ. ಪ್ಲಗ್ ಮರಳಿ ಹಾಕಿ ಬಿಗಿಮಾಡಿದ. ತನಗೆ ನಿರಾಸೆಯಾಗಿಲ್ಲ ಎಂದು ತಿಳಿದಾಗ ಅವನಿಗೇ ಆಶ್ಚರ್ಯವಾಯಿತು. ಎದೆಯ ಮೇಲೆ ಕೂತಿದ್ದ ಭಾರವೊಂದು ಹೇಳದೆ ಕೇಳದೆ ಇಳಿದುಹೋಗಿತ್ತು. ಈ ವಾರವೇ ಕೂಲರ್ ತರಿಸಿ ಹಾಕಿಬಿಡಬೇಕು ಎಂದುಕೊಂಡ. ಯಾರಿಗೂ ಏನೂ ಗೊತ್ತಾಗಬೇಕಿಲ್ಲ.

“ಅವನ ಜೊತೆ ನೀವು ಹೋಗಿ,” ಎಂದಳು ಹೆಂಡತಿ. “ನಾನೂ ಅಪ್ಪನೂ ವ್ಯಾನಲ್ಲಿ ನಿಧಾನಕ್ಕೆ ಬರ್ತೀವಿ. ಅವನಿಗೆ ನಿಮ್ಮ ಹತ್ರ ಏನೋ ಮಾತಾಡ್ಬೇಕಂತೆ.”

ಮೇಸ್ತ್ರಿ ಹಗುರ ಮನಸ್ಸಿನಿಂದಲೇ ಕೆಂಪು ಕಾರು ಹತ್ತಿದ. ಬೆಟ್ಟದ ಇಳಿಜಾರಿನಲ್ಲಿ ಮರಿ ಜಾಣತನದಿಂದ, ಕಾಲು ತಡೆದುಕೊಂಡೇ ಓಡಿಸಿದ. ಬಾಯಿ ಮಾತ್ರ ನಿಲ್ಲಲಿಲ್ಲ. ಮೇಲಕ್ಕೆ ಹೋದಂತೆ ಮಿಕ್ಕವರ ಗಾಡಿಗಳೆಲ್ಲ ಏದುಸಿರು ಬಿಟ್ಟವಂತೆ, ತನ್ನದೊಂದೇ ತುದಿಯವರೆಗೂ ಒಂದೇ ಸಮ ಎಳೆಯಿತಂತೆ. ಆಮೇಲೆ ಗೇರು ಇಳಿಸಿ ಭಾವನ ಕಡೆ ತಿರುಗಿದ.

“ಭಾವ, ನಿನ್ನೆ ಅಪ್ಪಂಗೆ ಹೇಳ್ಬಿಟ್ಟೆ. ಗ್ಯಾರೇಜ್ ನಡೆಸೋದು ನನ್ನ ಕೈಲಿ ಆಗಲ್ಲ. ಅದು ನಿಮ್ಮದು. ನಂಗೆ ಓಡಿಸೋಕೆ ಬಿಟ್ರೆ ಸಾಕು. ಅಪ್ಪನೂ ಹ್ಞೂಂ ಅಂದ್ರು.”

ಮೇಸ್ತ್ರಿ ಕಿಟಕಿಯ ಕಡೆ ಮುಖ ತಿರುಗಿಸಿದ. ತೋಳಿನಿಂದ ಕಣ್ಣೊರೆಸಿಕೊಂಡ.

ತಿರುವುಗಳು ಮುಗಿದು ಬಯಲಿನ ನೇರ ರಸ್ತೆ ಬಂತು. ಬಿಸಿಲು ಕಿಟಕಿಯೊಳಗೆ ನುಗ್ಗಿತು. ಮುಂದೊಂದು ಲಾರಿ ತೆವಳುತ್ತಿತ್ತು, ಎದುರಿನಿಂದ ದೂರದಲ್ಲಿ ಇನ್ನೊಂದು ಬರುತ್ತಿತ್ತು. ಆರಾಮಾಗಿ ದಾಟಬಹುದು ಎನ್ನುತ್ತಾ ಮರಿ ಗಾಡಿಯನ್ನು ಬಲಕ್ಕೆ ತೆಗೆದು, ಗೆದ್ದವನ ಖುಷಿಯಲ್ಲಿ ಪೆಡಲನ್ನು ನೆಲಕ್ಕೆ ಒತ್ತಿದ. ಇಳಿಯುವಾಗ ಮುಚ್ಚಿಕೊಂಡಿದ್ದ ಮೇಸ್ತ್ರಿಯ ಕಿವಿ, ಅವನು ಉಗುಳು ನುಂಗಿದಾಗ ಟಪ್ಪೆಂದು ತೆರೆಯಿತು. ಬೆಟ್ಟದಿಂದ ಇಳಿದವರಿಗೆಲ್ಲ ಆಗುವುದೇ ಅದು; ಮೇಲೆ ಗಾಳಿ ತೆಳು, ಕೆಳಗೆ ದಪ್ಪ. ಮೀಸೆ ಚಿಗುರಿದಾಗಿನಿಂದ ಸಮುದ್ರದ ಪಕ್ಕದಲ್ಲೇ ಗಾಡಿ ಬಿಚ್ಚಿದವನಿಗೆ ಗಾಳಿ ಎಲ್ಲ ಕಡೆಯೂ ಒಂದೇ ಆಗಿತ್ತು. ಆ ತಣ್ಣನೆಯ ತೆಳು ಗಾಳಿಯನ್ನು ಎಷ್ಟು ತುರುಕಿದರೂ ಎಂಜಿನ್ನಿಗೆ ಹೆಚ್ಚಾಗಿರಲಿಲ್ಲ. ಬೆಟ್ಟಕ್ಕೆ ಆ ಚಿಕ್ಕ ಪುಲ್ಲಿ ಹೇಳಿ ಮಾಡಿಸಿದಂತಿತ್ತು. ಅದು ಕೊಲ್ಲುವುದು ಇಲ್ಲಿ, ಈ ಬಿಸಿ ದಪ್ಪ ಗಾಳಿಯಲ್ಲಿ. ಕಾಲು ಎತ್ತು ಎನ್ನಲು ಅವನು ಬಾಯಿ ತೆರೆದ. ಆದರೆ ಈಗಷ್ಟೇ ತೆರೆದ ಕಿವಿಗೆ, ಲಾರಿಯ ಸದ್ದಿನ ನಡುವೆಯೂ, ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಅಲುಗಿಸಿದಂಥ ಸದ್ದು ಎಂಜಿನ್ನಿನೊಳಗಿಂದ ಆಗಲೇ ಕೇಳಿಸತೊಡಗಿತ್ತು.