ಮಾಕಳಿದುರ್ಗದ ಕತ್ತರಿ

"ನೂಲು ಅಲ್ಲೇ ಇಟ್ಬಿಟ್ಟು ಹೋಗಿ. ಒಳಗೆ ಬರ್ಬೇಡಿ!"

ಕೋಟೆ ಬಾಗಿಲಲ್ಲಿ ಅಡ್ಡ ನಿಂತ ಹುಡುಗನನ್ನು ಸಿಂಚನ ದುರುಗುಟ್ಟಿ ನೋಡಿದಳು. ಪಕ್ಕದ ತಾಲ್ಲೂಕಿನ ವಿಜಯಪುರದಿಂದ ಎರಡು ಬಸ್ಸು ಬದಲಾಯಿಸಿ, ಬೆನ್ನಿಗೆ ರೇಷ್ಮೆ ನೂಲಿನ ಚೀಲ ಹೊತ್ತು ಮಾಕಳಿದುರ್ಗ ಹತ್ತಿ ಬಂದವಳಿಗೆ ಒಂದು ಲೋಟ ನೀರು ಬೇಕಾ ಎಂದು ಕೇಳುವ ಸೌಜನ್ಯವೂ ಇಲ್ಲ!

"ಯಾಕ್ರೀ? ಕೋಟೆ ಏನು ನಿಮ್ ತಾತಂದಾ?"

ಅವನು ನಕ್ಕುಬಿಟ್ಟ. ಆ ನಗು ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು.

ಅವನ ಹೆಸರು ಮುನೀಂದ್ರ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಕೆಲಸ ಬಿಟ್ಟು, ಕೋಟೆಯೊಳಗಿನ ಮೂವರು ಮುದುಕಿಯರ ಬಳಿ ಸೇರಿಕೊಂಡಿದ್ದ. ಮುದುಕಿಯರೆಂದರೆ ಸಾಮಾನ್ಯರಲ್ಲ, ಗ್ರೀಕ್ ಪುರಾಣದ ವಿಧಿದೇವತೆಯರು! ಕಿರಿಯಳು ಮನುಷ್ಯರ ಆಯಸ್ಸಿನ ಎಳೆ ನೂಲುತ್ತಾಳೆ, ನಡುವಿನವಳು ಕೋಲು ಹಿಡಿದು ಅಳೆಯುತ್ತಾಳೆ, ಹಿರಿಯಳಾದ ಅಟ್ರೊಪೊಸ್ ಕತ್ತರಿಸುತ್ತಾಳೆ. ತಮ್ಮ ದೇಶದ ಉಣ್ಣೆ ಬೇಸರವಾಗಿ, ನಮ್ಮ ರೇಷ್ಮೆಗೆ ಮನಸೋತು ಇಲ್ಲಿಗೆ ಬಂದಿದ್ದರು. ಬಂದವರು ಕನ್ನಡ ಕಲಿತರು, ರಾಗಿಮುದ್ದೆ ನುಂಗುವುದನ್ನೂ ಕಲಿತರು. ದಯೆ ಒಂದನ್ನು ಮಾತ್ರ ಕಲಿಯಲಿಲ್ಲ.

ಇದನ್ನೆಲ್ಲ ಮುನೀಂದ್ರ ಹೇಳಿದಾಗ ಸಿಂಚನ ನಂಬಲಿಲ್ಲ. ವಾರವಾರವೂ ನೂಲು ತರುತ್ತಿದ್ದವಳು ಮೂರನೇ ಸೋಮವಾರ ಕಣ್ಣಾರೆ ಕಂಡಳು. ಹತ್ತನೇ ಸೋಮವಾರದ ಹೊತ್ತಿಗೆ ಅವಳು ಬೆಟ್ಟ ಹತ್ತುತ್ತಿದ್ದದ್ದು ನೂಲು ಕೊಡಲಿಕ್ಕಲ್ಲ, ಅವನ ಪಕ್ಕ ಬಂಡೆಯ ಮೇಲೆ ಕೂತು ಕಡ್ಲೆಕಾಯಿ ತಿನ್ನಲಿಕ್ಕೆ. "ರೀ" ಹೋಗಿ "ಕಣೋ" ಬಂದಿತ್ತು.

ಆಮೇಲೆ ಒಂದು ದಿನ...

"ಇನ್ಮೇಲೆ ಬರ್ಬೇಡ ಸಿಂಚನ. ನಿನ್ ಮುಖ ನೋಡೀ ನೋಡೀ ಸಾಕಾಗೋಗಿದೆ."

ನೆಲ ನೋಡುತ್ತಾ ಹೇಳಿದ, ತಿರುಗಿ ಹೋಗಿಬಿಟ್ಟ.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಅವ್ವ ವರಲಕ್ಷ್ಮಮ್ಮ, "ಹೋದ್ರೆ ಹೋಗ್ಲಿ ಬಿಡೇ" ಎಂದರು.

"ಸಾಕಾಗಿದ್ರೆ ಕಣ್ಣಲ್ಲಿ ಕಣ್ಣಿಟ್ಟು ಹೇಳ್ಬೇಕಿತ್ತು! ಹೇಳಿಸ್ಕೊಂಡೇ ಬರ್ತೀನಿ!" ಎಂದು ಮೂರನೇ ದಿನ ಬೆಳಿಗ್ಗೆ ಬೆಟ್ಟ ಹತ್ತಿದಳು.

ಬಾಗಿಲಲ್ಲಿ ಅವನಿರಲಿಲ್ಲ. ಒಳಗೆ ಅಟ್ರೊಪೊಸ್ ಎದುರು ತಲೆತಗ್ಗಿಸಿ ಕೂತಿದ್ದ. ಗೋಡೆಯ ಗೂಟದಲ್ಲಿ ಎರಡು ಎಳೆ ಇಳಿಬಿದ್ದಿದ್ದವು. ಒಂದು ಗೇಣುದ್ದ, ಇನ್ನೊಂದು ನೆಲ ಮುಟ್ಟುವಷ್ಟು.

"ಚಿಕ್ಕದು ನಿಂದೇ ಮಗಳೇ," ಎಂದಳು ಅಳೆಯುವ ಮುದುಕಿ, ಹವಾಮಾನ ಹೇಳುವವಳಂತೆ. "ಇವತ್ತಿಗೆ ಮುಗೀಬೇಕಿತ್ತು. 'ಅವಳ ಬದ್ಲು ನಂದು ಕತ್ತರಿಸಿ' ಅಂತ ಇವ್ನು ಹಟ ಹಿಡಿದ. ನಮಗೆ ಒಂದು ಎಳೆ ಬೇಕು, ಯಾರ್ದಾದ್ರೇನು?"

ಯಾರದ್ದಾದರೇನು!

ಸಿಂಚನಳ ಮೈಯೆಲ್ಲ ಉರಿದುಹೋಯಿತು. "ಸಾವಿರಾರು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀರಲ್ಲ, ಒಂದ್ ದಿನಾನಾದ್ರೂ ಯಾರ್ನಾದ್ರೂ ಕೇಳಿದೀರಾ? ಲೋ ಮುನೀಂದ್ರ, ನೀನ್ಯಾಕೋ ನನ್ನ ಕೇಳ್ಲಿಲ್ಲ?"

"ಕೇಳಿದ್ರೆ ಬೇಡ ಅಂತಿದ್ದೆ..."

ಕಚಕ್!

ಉದ್ದನೆಯ ಎಳೆ ತುಂಡಾಗಿ ಬಿತ್ತು. ಮುನೀಂದ್ರ ಪಕ್ಕಕ್ಕೆ ವಾಲಿದ. ಉಸಿರು ನಿಂತಿತು.

ವಿಜಯಪುರದಲ್ಲಿ ನೂಲು ತುಂಡಾದರೆ ಯಾರೂ ಅಳುತ್ತಾ ಕೂರುವುದಿಲ್ಲ. ಮನಸ್ಸಿಗಿಂತ ಮೊದಲು ಕೈ ಹೋಗುತ್ತದೆ. ಸಿಂಚನಳ ಕೈಯೂ ಹೋಯಿತು. ಬಿದ್ದ ತುದಿಯನ್ನು ಮೇಲಿನ ತುಂಡಿಗೆ ಸೇರಿಸಿ ಗಂಟು ಹಾಕಿದಳು, ಮಿಕ್ಕ ತುದಿಯನ್ನು ಹಲ್ಲಿನಲ್ಲಿ ಕಡಿದಳು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಸಿಂಚನಳ ಮನೆಯ ಯಂತ್ರದಲ್ಲಿ ದಿನವಿಡೀ ನಡೆಯುವುದು ಎರಡೆಳೆ ಸೇರಿಸಿ ಹುರಿ ಮಾಡುವ ಕೆಲಸ. ಒಂಟಿ ಎಳೆಯನ್ನು ಒಂಟಿಯಾಗಿ ಬಿಡುವ ರೂಢಿಯೇ ಅಲ್ಲಿಲ್ಲ. ಪಕ್ಕದಲ್ಲಿ ಸಿಕ್ಕ ಎಳೆಯನ್ನೂ ಸೇರಿಸಿ ಅಂಗೈಯಲ್ಲಿ ಹೊಸೆದೇಬಿಟ್ಟಳು!

ಪಕ್ಕದಲ್ಲಿದ್ದದ್ದು ಅವಳದೇ ಎಳೆ.

ಮುನೀಂದ್ರ ಕೆಮ್ಮಿದ. ಉಸಿರಾಡಿದ.

"ಬಿಚ್ಚು ಅದನ್ನ!" ಅಟ್ರೊಪೊಸ್ ಗುಡುಗಿದಳು. "ಬಿಚ್ಚಿದ್ರೆ ನಿನ್ನ ಆಯಸ್ಸು ನಾನು ಉಳಿಸ್ತೀನಿ."

"ಬಿಚ್ಚಲ್ಲ! ಏನ್ ಮಾಡ್ಕೋತೀರೋ ಮಾಡ್ಕೊಳಿ!"

ನಡುವಿನ ಮುದುಕಿ ಹುರಿಯ ಮೇಲೆ ಕೋಲು ಇಟ್ಟಳು. ಮತ್ತೆ ಮತ್ತೆ ಇಟ್ಟಳು. ಕೊನೆಗೆ ಕೈಚೆಲ್ಲಿದಳು. "ಅಕ್ಕಾ, ನನ್ ಕೋಲು ಒಂಟಿ ಎಳೆಗೆ ಮಾಡಿದ್ದು. ಇದರ ಅಳತೆ ನಂಗೆ ಸಿಕ್ತಿಲ್ಲ. ಅಳತೆ ಸಿಗದೇ ಇರೋದನ್ನ ನೀನು ಕತ್ತರಿಸೋ ಹಾಗಿಲ್ಲ."

ಅಟ್ರೊಪೊಸ್ ತುಂಬಾ ಹೊತ್ತು ಸಿಂಚನಳನ್ನೇ ನೋಡಿದಳು. ಸಿಂಚನ ರೆಪ್ಪೆ ಬಡಿಯಲಿಲ್ಲ. ಮುದುಕಿ ಕತ್ತರಿ ಕೆಳಗಿಟ್ಟಳು.

ಇಬ್ಬರೂ ಹೊರಗೆ ಬಂದರು. ಅವಳಿಗೆ ಸಿಟ್ಟು ಇಳಿದಿರಲಿಲ್ಲ.

"ನಾನು ಬದುಕ್ಬೇಕು ಅಂತ ನೀನು ಸತ್ರೆ, ನಾನೇನೋ ಮಾಡ್ಲಿ ಆ ಬದುಕನ್ನ?" ಅವನ ಎದೆಗೆ ಗುದ್ದಿದಳು. ಕಣ್ಣು ತುಂಬಿ ಬಂತು. "ಪ್ರೀತಿ ಇದ್ರೆ ಹೇಳ್ಬೇಕು ಕಣೋ! ಸಾಯೋದಲ್ಲ!"

"ಇದೆ ಕಣೆ. ತುಂಬಾ ಇದೆ." ಈ ಸಲ ಅವನು ನೆಲ ನೋಡಲಿಲ್ಲ. ಮೆಲ್ಲಗೆ ಕೇಳಿದ, "ನಿನ್ನ ಎಳೆ ಅಂತ ಗೊತ್ತಿದ್ದೇ ಸೇರಿಸ್ದ್ಯಾ?"

"ಇಲ್ಲ. ಕೈ ಅಭ್ಯಾಸ. ನೋಡ್ಲೇ ಇಲ್ಲ."

ಅವನ ಮುಖ ಸಪ್ಪಗಾಯಿತು. "ಅಂದ್ರೆ... ಅಕಸ್ಮಾತ್ತು."

ಸಿಂಚನ ಅವನ ಕೈ ಹಿಡಿದುಕೊಂಡಳು.

"ಹೊಸೆದಿದ್ದು ಅಕಸ್ಮಾತ್ತು ಕಣೋ ಪೆದ್ದ. ಬಿಚ್ಚಲ್ಲ ಅಂದಿದ್ದು ಅಕಸ್ಮಾತ್ತಲ್ಲ!"