ಗೋಡೆಯ ಮೇಲೆ ನಿಂತ ನೆರಳು

ಗೋಡೆ ಬಿಸಿಲು ಕುಡಿದು ಕಪ್ಪಾಗುತ್ತಿತ್ತು. ಬಳಿದ ದಿನ ಅದರ ಬಣ್ಣ ಒಲೆಯ ಬೂದಿಯಂತಿತ್ತು. ಹತ್ತು ದಿನಗಳಲ್ಲಿ ಮೂಲೆಗಳು ಕಾಫಿ ಬಣ್ಣಕ್ಕೆ ತಿರುಗಿದವು. ಪಡುವಣ ಕಿಟಕಿಯ ಬಿಸಿಲು ನೇರವಾಗಿ ಬೀಳುವ ಎದುರುಗೋಡೆ ಮಾತ್ರ ನಲವತ್ತನೆಯ ದಿನಕ್ಕೆ ರೊಟ್ಟಿ ಹಂಚಿನ ತಳದ ಹಾಗಾಯಿತು. ಯಾರೂ ಕುಂಚ ಮುಟ್ಟಿರಲಿಲ್ಲ.

ಇದಕ್ಕೆ ‘ನೆರಳುಗಾರೆ’ ಎಂದು ಹೆಸರಿಟ್ಟವರು ಧಾರವಾಡದ ವಿಜ್ಞಾನಿ ಡಾ. ಗುರುಪಾದ ಅಂಗಡಿ. ಸುಣ್ಣ, ಇದ್ದಿಲ ಪುಡಿ, ಬೆಲ್ಲದ ನೀರು ಇವುಗಳ ಜೊತೆಗೆ ಕಣ್ಣಿಗೆ ಕಾಣದ ಒಂದು ಜೀವಿಯನ್ನು ಅವರು ಕಲಸಿದ್ದರು. ಅದು ‘ಮಸಿಜೀವಿ’. ಹೊಲದಲ್ಲಿ ದುಡಿಯುವವರ ಚರ್ಮ ಬಿಸಿಲಿಗೆ ಕಪ್ಪೇರುವಂತೆ ಈ ಜೀವಿಯೂ ಬೆಳಕು ಬಿದ್ದಷ್ಟು ಕಪ್ಪು ಬಣ್ಣವನ್ನು ತಯಾರಿಸುತ್ತದೆ. ನೆರಳಿನಲ್ಲಿಟ್ಟರೆ ಮೆಲ್ಲಗೆ ಮತ್ತೆ ಬೂದು ಬಣ್ಣಕ್ಕೆ ಮರಳುತ್ತದೆ. ಸುಣ್ಣದಲ್ಲಿ ಸಾಯದೆ ಬದುಕುವ ಇಂಥ ಜೀವಿಯನ್ನು ಹುಡುಕಲು ಗುರುಪಾದರಿಗೆ ಎಂಟು ವರ್ಷ ಹಿಡಿದಿತ್ತು.

ಬೇಸಿಗೆ ಎಂಟು ತಿಂಗಳಿಗೆ ಹಬ್ಬಿದ್ದ ಕಾಲ ಅದು. ಹಗಲೆಲ್ಲ ಪರದೆಗಳನ್ನು ನೋಡಿ ದಣಿದ ಕಣ್ಣುಗಳಿಗೆ ಮನೆಯ ಬಿಳಿ ಗೋಡೆಗಳೂ ಶತ್ರುಗಳಾಗಿದ್ದವು. ಜನ ಕಪ್ಪು ಮನೆಗಳನ್ನು ಬಯಸತೊಡಗಿದರು. ನೆಲಕ್ಕೆ ಕರಿ ಕಡಪಾ ಕಲ್ಲು, ಹೊಳಪು ಕೊಡದ ತೇಗದ ಮಂಚ, ಬೆತ್ತದ ಕುರ್ಚಿ, ಸೆಣಬಿನ ಹಾಸು, ಅವುಗಳ ಹಿಂದೆ ನೆರಳುಗಾರೆಯ ಗೋಡೆ. ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದಷ್ಟು ತಂಪು. ನಾಲ್ಕು ವರ್ಷಗಳಲ್ಲಿ ಒಂದು ದೂರೂ ಬಂದಿರಲಿಲ್ಲ. ಆದ್ದರಿಂದ ಮೊದಲನೆಯ ದೂರು ಬಂದಾಗ, ಕೆಲಸದವರನ್ನು ಕಳಿಸದೆ, ಗುರುಪಾದರು ತಾವೇ ಚೀಲ ಹೆಗಲಿಗೇರಿಸಿ ಹೊರಟರು.

ದೂರು ಕೊಟ್ಟವಳು ದಂತವೈದ್ಯೆ ಅನ್ವಿತಾ. ದಿನವಿಡೀ ಬಿಳಿ ದೀಪದ ಕೆಳಗೆ ಬಿಳಿ ಹಲ್ಲು ನೋಡುವವಳು, ಮನೆಯಾದರೂ ಕಪ್ಪಾಗಿರಲಿ ಎಂದು ಕಟ್ಟಿಸಿದ್ದಳು. ತಾಯಿ ಶೈಲಜಾ ಮೂವತ್ತೈದು ವರ್ಷ ಅದೇ ಬೀದಿಯ ಕೊನೆಯ ಶಾಲೆಯಲ್ಲಿ ಕಲಿಸಿದವರು. ಈಗ ಪಾರ್ಶ್ವವಾಯುವಿನಿಂದ ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು, ಬಲಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಅವರು ಮಲಗುವ ಮಂಚದ ತಲೆಯ ಕಡೆ ಆ ಕರಿಗೋಡೆ, ಎದುರಿಗೆ ಪಡುವಣ ಕಿಟಕಿ. ಕಿಟಕಿಯಾಚೆ ತಗ್ಗಿನಲ್ಲಿ ಶಾಲೆಯ ರಸ್ತೆ.

ಶುಕ್ರವಾರ ಮಧ್ಯಾಹ್ನ ಮೂರರ ಹೊತ್ತಿಗೆ, ದವಾಖಾನೆಗೆ ರಜೆ ಹಾಕಿದ್ದ ಅನ್ವಿತಾ ಗುರುಪಾದರನ್ನು ಆ ಕೋಣೆಗೆ ಕರೆದೊಯ್ದಳು. ಶೈಲಜಾ ದಿಂಬಿಗೆ ಒರಗಿ ತೂಕಡಿಸುತ್ತಿದ್ದರು. ಅವರ ತಲೆಯ ಮೇಲ್ಭಾಗದಲ್ಲಿ, ಕಪ್ಪು ಗೋಡೆಯ ನಟ್ಟ ನಡುವೆ, ಮೊರದಷ್ಟು ಅಗಲದ ಬೂದು ಕಲೆ ಇತ್ತು.

“ನೋಡ್ರಿ ಸರ್. ಇದು ಎಣ್ಣೀ ಕಲೆ.”

“ಎಣ್ಣಿ ಅಂತ ಹೆಂಗ ಹೇಳ್ತೀರಿ?”

“ನೀವ ಕೊಟ್ಟ ಪುಸ್ತಕದಾಗ ಬರದೀರಲ್ಲ, ಎಣ್ಣಿ ತಾಗಿದ್ರ ಮಸಿಜೀವಿ ಸಾಯ್ತದ ಅಂತ. ನಮ್ಮ ಅಜ್ಜೀ ಮನ್ಯಾಗ ಪಡಸಾಲಿ ಗೋಡಿ ತುಂಬ ಇಂಥಾವ ಗುಂಡನ್ನ ಕಲೆ ಇದ್ವು. ಯಾವುದು ಅಜ್ಜಂದು, ಯಾವುದು ಕಾಕಾಂದು ಅಂತ ಎತ್ತರ ನೋಡೇ ಹೇಳ್ತಿದ್ವಿ.” ಅವಳು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. “ಅವ್ವನ್ನ ನೋಡ್ಕೊಳ್ಳಾಕ ಕಸ್ತೂರಕ್ಕ ಅಂತ ಅದಾಳ. ತಲಿಗೆ ಬಟ್ಟಲ ಎಣ್ಣಿ ಹಚ್ಚತಾಳ. ನಾ ದವಾಖಾನಿಗೆ ಹೋದ ಮ್ಯಾಲ ಮಂಚ ಹತ್ತಿ, ಗೋಡಿಗೆ ತಲಿ ಹಚ್ಚಿ ನಿದ್ದಿ ಹೊಡೀತಾಳ. ಅವ್ವಗ ಮಾತಿಲ್ಲ, ಹೇಳಬೇಕಂದ್ರ ಹೆಂಗ ಹೇಳ್ಯಾಳು? ಗೋಡಿ ಹಾಳಾದ್ರ ಆಗಲಿ ಸರ್. ಅವ್ವನ್ನ ಯಾರ ಕೈಯಾಗ ಬಿಟ್ಟು ಹೋಗ್ಲಿ ನಾನು?”

ಅವಳು ಕೋಣೆಯ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದಳು.

“ಸೋಮವಾರದಿಂದ ಬ್ಯಾರೇದಾಕಿ ಬರ್ತಾಳ, ಮಾತಾಡೇನಿ. ಸುಮ್ನ ಯಾರ ಮ್ಯಾಲೂ ಅಪವಾದ ಹೊರಸಬಾರದು ನೋಡ್ರಿ. ಎಣ್ಣೀನ ಹೌದು ಅಂತ ನೀವೊಮ್ಮೆ ಖಾತ್ರಿ ಮಾಡಿಕೊಟ್ರ ಸಾಕು.”

ಆಗಲೇ ಕಸ್ತೂರಿ ಚಹಾ ತಂದಳು. ಐವತ್ತರ ಆಸುಪಾಸಿನ ಗಟ್ಟಿಮುಟ್ಟು ಹೆಂಗಸು. ತಲೆಗೂದಲು ನಿಜಕ್ಕೂ ಎಣ್ಣೆಯಿಂದ ಮಿರುಗುತ್ತಿತ್ತು. ಗುರುಪಾದರ ಎರಡೂ ಕೈಗಳಲ್ಲಿ ಉಪಕರಣಗಳಿದ್ದುದನ್ನು ನೋಡಿ ಅವಳು ಲೋಟದ ಮೇಲೆ ಬಟ್ಟಲು ಮುಚ್ಚಿಟ್ಟಳು. “ಆರೂದಿಲ್ಲ, ಸಾವಕಾಶ ಕುಡೀರಿ ಸಾಹೇಬ್ರ,” ಎಂದು ಹೇಳಿ, ಹೋಗುವಾಗ ಶೈಲಜಾ ಅವರ ಜಾರಿದ ಬಲಗೈಯನ್ನು ಹೊದಿಕೆಯ ಮೇಲೆ ಎತ್ತಿಟ್ಟು ಹೋದಳು. ಮಗಳು ಅದನ್ನು ಗಮನಿಸಲಿಲ್ಲ. ಗುರುಪಾದರು ಗಮನಿಸಿದರು.

ಅವರು ಕಲೆಯ ಮೇಲೆ ಹೀರುಕಾಗದ ಒತ್ತಿದರು. ಕಾಗದಕ್ಕೆ ಏನೂ ಹತ್ತಲಿಲ್ಲ. ಬಳಿಕ ಬೆರಳುಗಾತ್ರದ ‘ಮಸಿದೀಪ’ವನ್ನು ಕಲೆಯ ಒಂದು ಮೂಲೆಗೆ ಹಿಡಿದರು. ಇಡೀ ವಾರದ ಬಿಸಿಲನ್ನು ಹತ್ತು ನಿಮಿಷಕ್ಕೆ ಇಳಿಸಿ ಕೊಡುವ ದೀಪ ಅದು. ನೋಡನೋಡುತ್ತಿದ್ದಂತೆ ಅಲ್ಲಿ ಕಾಸಿನಗಲ ಕಪ್ಪೇರಿತು.

“ಎಣ್ಣಿ ಅಲ್ಲರೀ. ಮಸಿಜೀವಿ ಸತ್ತಿಲ್ಲ. ಅದಕ್ಕ ಬಿಸಲ ಸಿಕ್ಕಿಲ್ಲ, ಅಷ್ಟ. ಇದು ನೆರಳಿನ ಗುರುತು.”

“ಯಾವುದರ ನೆರಳು? ಇಲ್ಲೇನೂ ಇಲ್ಲಲ್ಲ?”

ಗುರುಪಾದರು ಕಿಟಕಿಯ ಸರಳುಗಳನ್ನು ತೋರಿಸಿದರು. “ಈ ಸರಳಿನ ನೆರಳು ದಿನಾ ಗೋಡಿಗೆ ಬೀಳ್ತದ. ಅದರದೊಂದು ಗೆರಿನಾರ ಅದ ಏನು? ಇಲ್ಲ. ಯಾಕಂದ್ರ ಸೂರ್ಯ ಸರದಂಗ ಅದೂ ಸರೀತದ. ಗೋಡಿಗೆಲ್ಲಾ ಸಮ ಬಿಸಲ ಸಿಗ್ತದ. ನಿಮ್ಮ ತಾಯಿಯವರ ತಲೀದೂ ಹಂಗ. ಆದ್ರ ಈ ಕಲೆ ನೋಡ್ರಿ, ಅಂಚು ಕತ್ತರಿಸಿದಂಗ ಅದ. ಇದು ದಿನಾ ಒಂದೇ ಜಾಗಾದಾಗ ನಿಂತ ನೆರಳು. ಸೂರ್ಯ ನಡದಾನ, ನೆರಳು ನಡದಿಲ್ಲ. ಹಂಗ ಆಗಬೇಕಂದ್ರ…”

ಅವರು ಮಾತು ನಿಲ್ಲಿಸಿ ನೆಲದ ಕಡೆ ಬಾಗಿದರು. ಮಂಚದ ಕಾಲಬದಿಯಲ್ಲಿ ಕರಿಕಲ್ಲಿನ ಮೇಲೆ ಕುಡುಗೋಲಿನ ಆಕಾರಕ್ಕೆ ಗೀರುಗಳಿದ್ದವು, ಎಡದಿಂದ ಬಲಕ್ಕೆ, ಗೇಣಿಗೊಂದು.

“ಇದೇನ್ರಿ?”

“ಅದೂ ಆಕೀದ ಪ್ರತಾಪ. ಕಬ್ಬಿಣದ ಸ್ಟೂಲ್ ಎಳದಾಡಿ ಎಳದಾಡಿ ಮಾಡ್ಯಾಳ. ಹೇಳಿ ಹೇಳಿ ಸಾಕಾತು.”

ಗುರುಪಾದರು ಗೀರುಗಳನ್ನು ಬೆರಳಿನಿಂದ ಸವರಿದರು. ಆಮೇಲೆ ಮುಚ್ಚಿಟ್ಟ ಚಹಾ ಎತ್ತಿಕೊಂಡರು. “ನಾಲ್ಕರ ತನಕ ಕೂಡೂಣು,” ಎಂದಷ್ಟೇ ಹೇಳಿದರು.

ನಾಲ್ಕಕ್ಕೆ ಸರಿಯಾಗಿ ಬಿಸಿಲು ಕಿಟಕಿ ದಾಟಿ ಬಂತು. ಕೋಣೆ ಎಷ್ಟು ಕಪ್ಪಾಗಿತ್ತೆಂದರೆ ಬಂದ ಬೆಳಕನ್ನು ಹಂಚಿಕೊಳ್ಳಲು ಗೋಡೆಯಲ್ಲಾಗಲಿ ನೆಲದಲ್ಲಾಗಲಿ ಏನೂ ಇರಲಿಲ್ಲ. ಅಷ್ಟೂ ಬೆಳಕು ಒಂದೇ ಹಾಳೆಯಾಗಿ ಮಂಚದ ಮೇಲೆ ಬಿತ್ತು. ಕತ್ತಲಿಗೆ ಹೊಂದಿಕೊಂಡಿದ್ದ ಶೈಲಜಾ ಅವರ ಮುಖ ಹಿಂಡಿಕೊಂಡಿತು. ಮುಚ್ಚಲಾರದ ಬಲಗಣ್ಣಿನಿಂದ ನೀರು ಇಳಿಯತೊಡಗಿತು.

“ಅಯ್ಯ, ಅವ್ವ!” ಅನ್ವಿತಾ ಓಡಿಹೋಗಿ ಪರದೆ ಎಳೆದಳು. ತಕ್ಷಣ ಶೈಲಜಾ ಎಡಗೈಯಿಂದ ಮಂಚ ಬಡಿಯತೊಡಗಿದರು. ಗಂಟಲಿನಿಂದ ಗಾಯಗೊಂಡ ಹಕ್ಕಿಯಂಥ ದನಿ. ಅನ್ವಿತಾ ಪರದೆ ಸರಿಸಿದಳು, ಕಣ್ಣಲ್ಲಿ ನೀರು. ಮುಚ್ಚಿದಳು, ಮಂಚಕ್ಕೆ ಹೊಡೆತ. ಭಾನುವಾರವೂ ಬಿಡದೆ ದಿನವೂ ಸಂಜೆ ಏಳು ಗಂಟೆಗೆ ಮನೆಗೆ ಬರುವವಳು ಈ ಹೊತ್ತಿನ ಕೋಣೆಯನ್ನು ಒಮ್ಮೆಯೂ ನೋಡಿರಲಿಲ್ಲ.

“ಪರದೆ ಬ್ಯಾಡ್ರಿ, ಮೇಡಮ್ಮಾರ.” ಬಾಗಿಲಲ್ಲಿ ಕಸ್ತೂರಿ ಕಬ್ಬಿಣದ ಸ್ಟೂಲ್ ಹಿಡಿದು ನಿಂತಿದ್ದಳು. “ಸಾಲಿ ಬಿಡೂ ಹೊತ್ತು. ಅಕ್ಕೋರಿಗೆ ಹುಡುಗರನ್ನ ನೋಡಬೇಕು.”

ಅವಳು ಯಾರ ಅಪ್ಪಣೆಗೂ ಕಾಯದೆ ಮಂಚದ ಕಾಲಬದಿಯ ಎಡತುದಿಗೆ ಸ್ಟೂಲ್ ಹಾಕಿ ಕೂತಳು. ಸೆರಗಿನ ತುದಿಯನ್ನು ಎರಡೂ ಕೈಗಳಲ್ಲಿ ಹಿಡಿದು ತಲೆಯ ಮೇಲೆ ಬಿಚ್ಚಿ ಹಿಡಿದಳು. ಮೇಲಿನ ಸೂರ್ಯ ಮರೆಯಾದ. ತೋಳಿನ ಕೆಳಗಿನಿಂದ ರಸ್ತೆ ಕಾಣುತ್ತಲೇ ಇತ್ತು. ಗೋಡೆಯ ಮೇಲೆ ಬಿದ್ದ ಅವಳ ನೆರಳು ಬೂದು ಕಲೆಯೊಳಗೆ, ಪೆಟ್ಟಿಗೆಗೆ ಅದರದೇ ಮುಚ್ಚಳ ಕೂತಂತೆ ಕೂತುಕೊಂಡಿತು.

ಅನ್ವಿತಾ ಗೋಡೆಯನ್ನೇ ನೋಡುತ್ತ ನಿಂತಳು.

“ಏನ್ರಿ ಅಕ್ಕೋರ, ಇವತ್ತ ಮಗಳ ಮುಂದ ಭಾಳ ಸಿಟ್ಟಿಗೆದ್ರಿ?” ಕಸ್ತೂರಿ ಎಂದಿನ ಮಾತು ಶುರು ಮಾಡಿದ್ದಳು. “ತಡೀರಿ, ಗಂಟಿ ಹೊಡೀಲಿ. ಆ ಕೆಂಪ ಚೀಲದ ಹುಡುಗಿ ಇವತ್ತೂ ಚಪ್ಪಲ ಕೈಯಾಗ ಹಿಡ್ಕೊಂಡ ಬರ್ತಾಳಿಲ್ಲೋ ನೋಡೂಣು.”

ಬಿಸಿಲು ಒಂದಿಷ್ಟು ಸರಿದು ಶೈಲಜಾ ಅವರ ಕೆನ್ನೆಯ ಅಂಚಿಗೆ ಬಂತು. ಮಾತು ಮುಂದುವರಿಸುತ್ತಲೇ ಕಸ್ತೂರಿ ಸ್ಟೂಲನ್ನು ಗೇಣುದ್ದ ಬಲಕ್ಕೆ ಎಳೆದಳು. ಕರ್‌ ಎಂದು ಕಲ್ಲು ಗೀರಿತು. ನೆರಳು ಮಾತ್ರ ಇದ್ದಲ್ಲಿಯೇ ಇತ್ತು. ರಸ್ತೆಯಲ್ಲಿ ಮಕ್ಕಳ ಗದ್ದಲ ಕೇಳಿಸಿದಾಗ ಶೈಲಜಾ ಎಡಗೈ ಎತ್ತಿದರು. ಕೆಳಗಿನಿಂದ ನಾಲ್ಕಾರು ಕೈಗಳು ಎದ್ದವು.

ಬಿಸಿಲು ಇಳಿದ ಮೇಲೆ ಅನ್ವಿತಾ ಕೇಳಿದಳು. “ದಿನಾ ಒಂದೂವರಿ ತಾಸು ಹಿಂಗ ಕೈ ಎತ್ತಿ ಕೂಡ್ತೀಯಾ? ನನಗ್ಯಾಕ ಹೇಳಲಿಲ್ಲ ಕಸ್ತೂರಕ್ಕ?”

“ಹೇಳೂದೇನೈತ್ರಿ ಇದರಾಗ? ಬಿಸಲ ಬಿತ್ತು, ಅಡ್ಡ ಕುಂತೆ.” ಕಸ್ತೂರಿ ಸೆರಗು ಸರಿಪಡಿಸಿಕೊಂಡಳು. “ಮಂಚ ತಿರುಗಿಸಿ ಹಾಕೂಣ ಅಂತ ಮೊದಲ ವಾರದಾಗ ಕೇಳಿದ್ದೆ. ಮನೀ ಚಂದ ಕೆಡ್ತದ ಅಂದ್ರಿ. ನೆಲಾ ಗೀರಿದ್ದು ಖರೇ, ಅದು ತಪ್ಪಾತು. ಬಯ್ರಿ ಬೇಕಾದ್ರ.”

ಅನ್ವಿತಾ ಫೋನು ತೆಗೆದುಕೊಂಡು ಹೊರಗೆ ಹೋಗಿ, ಸೋಮವಾರ ಬರಬೇಕಾದವಳಿಗೆ ಬರಬೇಡವೆಂದು ಹೇಳಿ ಬಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

ಗುರುಪಾದರು ಮಂಚದ ಪಕ್ಕ ನೆಲದ ಮೇಲೆ ಕೂತು, ಮಲಗಿದವರ ಕಣ್ಣಿನ ಎತ್ತರದಿಂದ ಕಿಟಕಿಯನ್ನು ಬಹಳ ಹೊತ್ತು ನೋಡಿದರು. ಎಂಟು ವರ್ಷ ಅವರು ಗೋಡೆಯನ್ನು ನೋಡಿದ್ದರು. ಗೋಡೆ ಕಪ್ಪಾದಷ್ಟೂ ಕಿಟಕಿ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ ಎಂಬುದು ನಿಂತವರಿಗೆ ಹೊಳೆಯುವುದಿಲ್ಲ. ನಿಂತವರು ಪಕ್ಕಕ್ಕೆ ಸರಿದುಬಿಡುತ್ತಾರೆ.

“ತಪ್ಪು ನನ್ನದೂ ಅದ,” ಎಂದರು. “ಕಿಟಕಿಗೆ ಲಾವಂಚದ ತಟ್ಟಿ ಮಾಡಿಸಿ ಕಳಸ್ತೀನಿ. ಸೂರ್ಯನ್ನ ಅಷ್ಟ ತಡದು ರಸ್ತೆ ಬಿಡೂವಂಗ. ಕಲೆ ಬೇಕಾದ್ರ ಈಗ ದೀಪ ಹಿಡದು ಕಪ್ಪು ಮಾಡ್ತೀನಿ.”

“ಕಲೆ ಇರ್ಲಿ ಬಿಡ್ರಿ ಸರ್,” ಎಂದಳು ಅನ್ವಿತಾ.

ಮೂರು ತಿಂಗಳ ನಂತರ ಒಂದು ಭಾನುವಾರ, ತಟ್ಟಿ ಹೇಗೆ ಕೆಲಸ ಮಾಡುತ್ತಿದೆಯೆಂದು ನೋಡಲು ಗುರುಪಾದರು ಮತ್ತೆ ಬಂದರು. ತಟ್ಟಿ ಸುರುಳಿ ಸುತ್ತಿ ಕಿಟಕಿಯ ಮೇಲಕ್ಕೆ ಕಟ್ಟಿತ್ತು.

“ಯಾಕ್ರಿ, ಬಿಸಲ ತಡೀಲಿಲ್ಲೇನು?”

“ಬಿಸಲ ಭೇಷ್ ತಡೀತ್ರಿ ಸಾಹೇಬ್ರ,” ಕಸ್ತೂರಿ ನಕ್ಕಳು. ಈಗ ಭಾನುವಾರ ಅನ್ವಿತಾ ಮನೆಯಲ್ಲೇ ಇರುತ್ತಿದ್ದಳು, ಕಸ್ತೂರಿಗೆ ರಜೆ. ಆದರೂ ನುಗ್ಗೆಸೊಪ್ಪು ಕೊಡುವ ನೆಪ ಮಾಡಿ ಬಂದಿದ್ದಳು. “ಅಕ್ಕೋರು ಮಂಚ ಬಡಿಯೂದ ನಿಂದರಲಿಲ್ಲ. ನಾಲ್ಕಾತು ಅಂದ್ರ ಶುರು. ಕಣ್ಣಾಗ ನೀರಿಲ್ಲ, ರಸ್ತೆ ಕಾಣ್ತೈತಿ, ಮತ್ತೇನು ಬೇಕ್ರೀ ಅಂದ್ರ ಸ್ಟೂಲ್ ತೋರಿಸಿದ್ರು.”

ಒಳಗೆ ಅನ್ವಿತಾ ಆ ಸ್ಟೂಲಿನ ಮೇಲೆ ಕೂತು, ಸೀರೆ ಉಟ್ಟಿರದ ಕಾರಣ ಸೆರಗಿನ ಬದಲು ಹಾಸಿಗೆಯ ದುಪ್ಪಟಿಯನ್ನು ತಲೆಯ ಮೇಲೆ ಬಿಚ್ಚಿ ಹಿಡಿದಿದ್ದಳು. ತಾನು ಎರಡನೆಯ ತರಗತಿಯಲ್ಲಿ ತಾಯಿಯ ಕೈಯಿಂದಲೇ ಏಟು ತಿಂದ ಕಥೆ ಹೇಳುತ್ತಿದ್ದಳು. ಭಾನುವಾರ ರಸ್ತೆಯಲ್ಲಿ ಮಕ್ಕಳಿರಲಿಲ್ಲ. ಶೈಲಜಾ ರಸ್ತೆಯ ಕಡೆ ನೋಡುತ್ತಲೂ ಇರಲಿಲ್ಲ.

ಗುರುಪಾದರು ಅಭ್ಯಾಸಬಲದಿಂದ ಗೋಡೆಯನ್ನು ಪರೀಕ್ಷಿಸಿದರು. ಕತ್ತರಿಸಿದಂತಿದ್ದ ಕಲೆಯ ಅಂಚು ಈಗ ಮಸುಕಾಗಿತ್ತು. ಅದಕ್ಕೆ ಅವರು ಕಾರಣ ಕೇಳುವ ಮೊದಲೇ ಕಸ್ತೂರಿ ಬಾಗಿಲಿನಿಂದ ಹೇಳಿದಳು. “ಅದು ಐತವಾರದ್ದು ನೋಡ್ರಿ. ಮಾತಿನ ಭರದಾಗ ಮೇಡಮ್ಮಾರು ಸ್ಟೂಲ್ ಸರಸೂದು ಮರೀತಾರು.”

ನಿಜವಾಗಿಯೂ ಬಿಸಿಲು ದುಪ್ಪಟಿಯ ಅಂಚಿನಿಂದ ನುಸುಳಿ ಶೈಲಜಾ ಅವರ ಕೆನ್ನೆಗೆ ಬಂದಿತ್ತು. ಅವರು ಎಡಗೈಯ ತೋರುಬೆರಳಿನಿಂದ ಮಂಚದ ಪಟ್ಟಿಯನ್ನು ಎರಡು ಸಲ ಕುಟ್ಟಿದರು, ಪಾಠದಲ್ಲಿ ಗಮನವಿಲ್ಲದ ಹುಡುಗಿಗೆ ಮೇಜು ಕುಟ್ಟುವ ಹಾಗೆ.

“ಹಾಂ ಅವ್ವ, ಸರದೆ, ಸರದೆ,” ಎಂದು ಅನ್ವಿತಾ ಕಬ್ಬಿಣದ ಸ್ಟೂಲನ್ನು ಕರಿಕಲ್ಲಿನ ಮೇಲೆ ಕರ್‌ ಎಂದು ಗೇಣುದ್ದ ಎಳೆದಳು.